ಕಾದಿರಿಸದವರ ಅತ್ತಿಗೆ

ಅತ್ತಿಗೆ ‘ಇಲ್ಲ’ ಅನ್ನುವುದನ್ನು ಒಮ್ಮೆ ಕೇಳಬೇಕು. ಲೋಕದಲ್ಲಿ ಇಲ್ಲ ಅನ್ನಲಾರದವರೇ ಹೆಚ್ಚು. ಅವರು ‘ನೋಡೋಣ’ ಅನ್ನುತ್ತಾರೆ, ‘ಆಮೇಲೆ ಹೇಳ್ತೀನಿ’ ಅನ್ನುತ್ತಾರೆ, ತಲೆ ಕೆರೆದುಕೊಂಡು, ಹಲ್ಲು ಕಿರಿದು, ಎದುರಿಗಿದ್ದವರ ಆಸೆಯನ್ನು ಅರ್ಧಕ್ಕೆ ತೂಗುಹಾಕಿ ಮೆಲ್ಲಗೆ ಒಳಗೆ ಜಾರಿಕೊಳ್ಳುತ್ತಾರೆ. ಅತ್ತಿಗೆಯ ‘ಇಲ್ಲ’ ಹಾಗಲ್ಲ. ಅದು ಸಿಪ್ಪೆ ಸುಲಿದಿಟ್ಟ ಸ್ವಚ್ಛವಾದ ‘ಇಲ್ಲ’. ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದು, ಹೇಳಿದ ಮೇಲೂ ಅಲ್ಲಿಂದ ಕದಲದೆ ನಿಂತು, ಎದುರಿನವರ ಮುಖ ಸಪ್ಪಗಾಗುವುದನ್ನು ಪೂರ್ತಿಯಾಗಿ ನೋಡಿ ತಾವೂ ಅದನ್ನು ಅಷ್ಟೇ ಅನುಭವಿಸಿದ್ದು. ಹಾಗೆ ಇಲ್ಲ ಅನ್ನಿಸಿಕೊಂಡವರಲ್ಲಿ ಎಷ್ಟೋ ಮಂದಿ ಅವರಿಗೆ ಥ್ಯಾಂಕ್ಸ್ ಹೇಳಿ ಹೋದದ್ದನ್ನು ಅಡುಗೆಮನೆಯ ಕಿಂಡಿಯಿಂದ ಮೈದುನ ಕಣ್ಣಾರೆ ಕಂಡಿದ್ದಾನೆ.

ಈ ಮೈದುನ ಅಲ್ಲಿನ ಮುಖ್ಯ ಅಡುಗೆಯವನು. ಅಲ್ಲಿ ಅಂದರೆ, ದೈತ್ಯ ರಾಟೆ, ಜಾರುಬಂಡೆ, ಸುಳ್ಳು ಗುಹೆ, ಬಣ್ಣದ ಕೋಟೆಗಳಿಂದ ತುಂಬಿ ತುಳುಕುವ ಒಂದು ಥೀಮ್ ಪಾರ್ಕಿನ ನಡುಮಧ್ಯೆ, ಕೃತಕ ಕೆರೆಗೆ ಮುಖಮಾಡಿ ನಿಂತ ಗೋಪುರದ ರೆಸ್ಟೋರೆಂಟಿನಲ್ಲಿ. ಅತ್ತಿಗೆ ಅದರ ಬಾಗಿಲಿನವರು. ಯಾರನ್ನು ಒಳಗೆ ಬಿಡಬೇಕು, ಯಾರಿಗೆ ಯಾವ ಮೇಜು ಎನ್ನುವುದೆಲ್ಲ ಅವರ ಕೈಯಲ್ಲಿ. ಅಣ್ಣನ ಹೆಂಡತಿಯನ್ನು ಅವನು ಅತ್ತಿಗೆ ಅನ್ನದೆ ಇನ್ನೇನು ಅನ್ನಬೇಕು? ‘ಅತ್ತಿಗೆ, ಸೂಪು ರೆಡಿ’, ‘ಅತ್ತಿಗೆ, ಮೂಲೆ ಮೇಜಿನವರು ಎದ್ರಾ?’ ಎಂದು ದಿನವಿಡೀ ಕಿಂಡಿಯಿಂದ ಕೂಗಿ ಕೂಗಿ, ಕೊನೆಗೆ ಅವರು ಬಡಿಸುವವರಿಗೂ ಅತ್ತಿಗೆ, ತೋಟದ ಮಾಲಿಗೂ ಅತ್ತಿಗೆ, ವಯಸ್ಸಿನಲ್ಲಿ ತಂದೆಯಂತಿದ್ದ ಯಜಮಾನರಿಗೂ ಅತ್ತಿಗೆಯೇ ಆಗಿಬಿಟ್ಟರು. ಅದೊಂದು ಹುದ್ದೆಯೆಂದೇ ತಿಳಿದ ಅತಿಥಿಗಳು, ‘ಇವತ್ತು ಅತ್ತಿಗೆ ಡ್ಯೂಟೀಲಿ ಯಾರಿದ್ದಾರೆ?’ ಎಂದು ವಿಚಾರಿಸಿದ್ದೂ ಉಂಟು.

ಅವರ ಕೋಟಿನ ವಿಷಯ ಹೇಳದಿದ್ದರೆ ಅವರ ಚಿತ್ರ ಪೂರ್ಣವಾಗದು. ಅವರಿಗಿಂತ ಮುಂಚೆ ಆ ಬಾಗಿಲಲ್ಲಿ ಇದ್ದವನು ಆಜಾನುಬಾಹು; ಹಿತ್ತಾಳೆಯ ಗುಂಡಿಗಳ, ದಪ್ಪ ಕೆಂಪು ಬಟ್ಟೆಯ ಆ ಕೋಟನ್ನು ಅವನ ಅಳತೆಗೆ ಹೊಲಿಸಿದ್ದರು. ಬಾಗಿಲಿನ ಜೊತೆಗೆ ಕೋಟೂ ಅತ್ತಿಗೆಯ ಪಾಲಿಗೆ ಬಂತು. ಗುಬ್ಬಚ್ಚಿಯಂಥ ಶರೀರ; ಭುಜ ಎರಡೂ ಕಡೆ ಜೋಲುತ್ತಿತ್ತು, ತೋಳನ್ನು ಮಡಚಿ ಮಡಚಿ ಮೊಣಕೈಗೆ ತಂದು ನಿಲ್ಲಿಸಬೇಕಾಗಿತ್ತು. ಅಳತೆಗೆ ತಕ್ಕಂತೆ ಸರಿಮಾಡಿಸಿಕೊಳ್ಳಿ ಎಂದು ಮೈದುನ ಎಷ್ಟು ಸಲ ಹೇಳಿದರೂ ಅವರದು ಒಂದೇ ಉತ್ತರ: “ಕೋಟು ನಂದಲ್ಲ ಕಣಯ್ಯಾ, ಬಾಗಿಲಿಂದು.” ಆ ಕೋಟಿನೊಳಗೆ ಅವರು ತುಂಬಿದ ಕೊಡ ಸೊಂಟದಲ್ಲಿ ಇರುವವರ ಹಾಗೆ ನಡೆಯುತ್ತಿದ್ದರು: ಮೇಲುಮೈ ಅಲುಗದು, ಕಾಲು ಮಾತ್ರ ಚುರುಕು. ಬೂಟು ಕಿರ್ ಕಿರ್ ಎನ್ನುತ್ತಿತ್ತು. ಕಿರುಗುಟ್ಟುವಿಕೆ ನಿಧಾನವಾಗಿದ್ದರೆ ಎಲ್ಲ ಸುಸೂತ್ರ. ಜೋರಾದರೆ ಯಾರೋ ವಶೀಲಿ ಹಿಡಿದುಕೊಂಡು ಬಂದಿದ್ದಾರೆ ಎಂದು ಅಡುಗೆಮನೆಗೆ ಮೊದಲೇ ಗೊತ್ತಾಗುತ್ತಿತ್ತು.

ವಶೀಲಿ ಎಂದರೆ ಅವರಿಗೆ ಮೈಯೆಲ್ಲ ಉರಿ. ಅದಕ್ಕೆ ಕಾರಣವಿತ್ತು. ಆಜಾನುಬಾಹುವಿನ ಕಾಲದಲ್ಲಿ ಅತ್ತಿಗೆ ಅಲ್ಲಿ ಬಡಿಸುವ ಕೆಲಸಕ್ಕಿದ್ದರು. ಆಗ ಬುಕಿಂಗ್ ಇರಲಿಲ್ಲ. ಬಂದವರು ಸಾಲಿನಲ್ಲಿ ನಿಲ್ಲಬೇಕು, ಆದರೆ ಸಾಲು ಬರೀ ತೋರಿಕೆಗೆ. ಪರಿಚಯದವರು, ಕಣ್ಸನ್ನೆಯವರು, ಕೈ ಬೆಚ್ಚಗೆ ಮಾಡುವವರು ಪಕ್ಕದಿಂದ ಬಂದು ಮುಂದೆ ನುಗ್ಗುತ್ತಿದ್ದರು. ಒಂದು ಮಧ್ಯಾಹ್ನ ವಯಸ್ಸಾದ ದಂಪತಿ ಸಾಲಿನ ಮುಂತುದಿಗೆ ಬಂದಾಗಲೆಲ್ಲ ಬೇರೆ ಯಾರೋ ಒಳಗೆ ಹೋದರು. ಕೊನೆಗೆ ಆ ಮುದುಕರು ಹೆಂಡತಿಯ ಕೈ ಹಿಡಿದುಕೊಂಡು, ‘ನಡಿ, ನನಗೇನೂ ಹಸಿವಿಲ್ಲ’ ಎಂದು ಹೊರಟುಹೋದರಂತೆ. ಅತ್ತಿಗೆ ಕೈಯಲ್ಲಿದ್ದ ತಟ್ಟೆಗಳನ್ನು ಅಲ್ಲೇ ಇಟ್ಟು, ನೇರವಾಗಿ ಯಜಮಾನರ ಕೋಣೆಗೆ ಹೋಗಿ, ಉಸಿರು ಬಿಡದೆ ಹೇಳಬೇಕಾದದ್ದನ್ನೆಲ್ಲ ಹೇಳಿಬಿಟ್ಟರು. ಮುಂಗಡವಾಗಿ ಮೇಜು ಕಾದಿರಿಸುವ ಪದ್ಧತಿ ಆಮೇಲೆ ಬಂತು, ಆಜಾನುಬಾಹು ಹೋದ, ಕೋಟು ಉಳಿಯಿತು.

ಹೊಸ ಪದ್ಧತಿ ಸರಳ. ಪಾರ್ಕಿನದೇ ರೆಸಾರ್ಟಿನ ಕೋಣೆಗಳಲ್ಲಿ ತಂಗುವವರು ಎರಡು ತಿಂಗಳು ಮುಂಚೆಯೇ ಮೇಜು ಕಾದಿರಿಸಬಹುದು. ಒಂದು ದಿನದ ಟಿಕೆಟ್ಟಿನಲ್ಲಿ ಬಂದು ಹೋಗುವವರು ಒಂದು ವಾರ ಮುಂಚೆ. ಕಾದಿರಿಸದವರಿಗೆ ಪ್ರವೇಶವಿಲ್ಲ, ಯಾರೇ ಆಗಿರಲಿ. ಬಾಗಿಲ ಮೇಲೆ ‘ಮೇಜು ಕಾದಿರಿಸಿದವರಿಗೆ ಮಾತ್ರ ಪ್ರವೇಶ’ ಎಂಬ ಬೋರ್ಡು ಬಂತು. ಬೋರ್ಡಿನ ಜೊತೆಗೆ ಅತ್ತಿಗೆಯ ಬಾಯಿಗೆ ಒಂದು ಮಾತೂ ಬಂತು: “ಬೋರ್ಡ್ ಓದಿದ್ರಾ?” ಯಜಮಾನರ ಅಳಿಯ ಗೆಳೆಯರ ಗುಂಪನ್ನು ಕಟ್ಟಿಕೊಂಡು ಬಂದಾಗಲೂ ಅದೇ ಮಾತು, ಅದೇ ‘ಇಲ್ಲ’. ಅಳಿಯ ಕೆಂಡಾಮಂಡಲವಾದ, ಯಜಮಾನರು ಒಳಗೊಳಗೇ ಹಿಗ್ಗಿದರು ಎಂದು ಮೈದುನನ ಊಹೆ.

ಸ್ವಂತ ಗಂಡನಿಗೂ ರಿಯಾಯಿತಿ ಇರಲಿಲ್ಲ. ಗಂಡ, ಅಂದರೆ ಮೈದುನನ ಅಣ್ಣ, ಅದೇ ಪಾರ್ಕಿನ ದೈತ್ಯ ರಾಟೆಯ ಮೆಕ್ಯಾನಿಕ್. ಮದುವೆಯ ದಿನದ ನೆನಪಿಗೆ ಹೆಂಡತಿಯನ್ನು ಊಟಕ್ಕೆ ಕೂರಿಸಬೇಕೆಂದು ಗುಟ್ಟಾಗಿ ಮೇಜು ಕಾದಿರಿಸಿದ, ಪುಣ್ಯಾತ್ಮ ತಾರೀಖನ್ನೇ ತಪ್ಪಾಗಿ ಹೇಳಿದ್ದ. ಗ್ರೀಸು ಉಜ್ಜಿ ಉಜ್ಜಿ ತೊಳೆದ ಕೈ, ಇಸ್ತ್ರಿ ಮಾಡಿದ ಶರ್ಟು. ಬಾಗಿಲಿಗೆ ಬಂದರೆ, “ನಿಮ್ದು ನಾಳೆಗೆ ಇರೋದು” ಎಂದು ಧರ್ಮಪತ್ನಿ ವಾಪಸು ಕಳಿಸಿದರು. ಮರುದಿನ ಬಂದ. ಒಳಗೆ ಬಿಟ್ಟರು. ಆದರೆ ಡ್ಯೂಟಿಯ ಹೊತ್ತಿನಲ್ಲಿ ಬಾಗಿಲು ಬಿಟ್ಟು ಬಂದು ಕೂರುವವರೇ ಅವರು? ಅಣ್ಣ ಒಬ್ಬನೇ ಕೂತು ಎರಡು ಪಾಲೂ ಉಂಡ. ಎದುರಿನ ಕುರ್ಚಿಯನ್ನು ಮಾತ್ರ ಅತ್ತಿಗೆ ಯಾರಿಗೂ ಕೊಡಲಿಲ್ಲ, ಅದು ಕಾದಿರಿಸಿದ್ದಲ್ಲವೇ! ನೆಂಟರು ಸೇರಿದಲ್ಲೆಲ್ಲ ಅಣ್ಣ ಈ ಕಥೆಗೆ ಉಪ್ಪುಖಾರ ಹಚ್ಚಿ ಹೇಳುತ್ತಾನೆ, ಅತ್ತಿಗೆ ಪಕ್ಕದಲ್ಲೇ ಕೂತು ನಗುತ್ತಾರೆ.

ಮೈದುನನಿಗೆ ಮಾತ್ರ ಈ ಪದ್ಧತಿಯ ಮೇಲೆ ಒಂದು ತಕರಾರಿತ್ತು. ವಾರಕ್ಕೆ ಮುಂಚೆ ಕೇಳುವವರಿಗೆ ಉಳಿದಿರುವುದಾದರೂ ಏನು? ಎರಡು ತಿಂಗಳು ಮುಂಚೆ ಕೇಳಿದವರು ಮೇಜುಗಳನ್ನೆಲ್ಲ ಬಳಿದುಕೊಂಡು ಹೋಗಿರುತ್ತಿದ್ದರು. ತರಕಾರಿ ಹೆಚ್ಚುತ್ತಾ ಅವನು ಕೆಣಕುತ್ತಿದ್ದ: “ಇದು ನ್ಯಾಯಾನಾ ಅತ್ತಿಗೆ?”

“ಎಲ್ಲರಿಗೂ ಗೊತ್ತಿರೋ ನಿಯಮ. ಗುಟ್ಟಿಲ್ಲ, ಗುಸುಗುಸು ಇಲ್ಲ. ಅನ್ಯಾಯ ಎಲ್ಲಿಂದ ಬಂತು?”

“ಗೊತ್ತಿದ್ದ ಮಾತ್ರಕ್ಕೆ ನ್ಯಾಯ ಆಗ್ಬಿಡತ್ತಾ?”

“ನೀನು ಈರುಳ್ಳಿ ನೋಡ್ಕೋ. ಸೀದುಹೋಗ್ತಿದೆ.”

ಆದರೆ ಆ ಪ್ರಶ್ನೆ ಅವರಿಗೂ ನಾಟಿತ್ತು. ಅದನ್ನು ನಾಟಿಸಿದವನು ಮೈದುನನಲ್ಲ, ಒಬ್ಬ ಬಸ್ ಡ್ರೈವರ್. ಪ್ರವಾಸಿಗಳನ್ನು ಪಾರ್ಕಿಗೆ ಆಗಾಗ ಕರೆತರುವ, ಹೊಟ್ಟೆ ತುಂಬ ನಗುವ ಮನುಷ್ಯ. ಪ್ರತಿ ಸಲವೂ ಗೋಪುರದ ಬಾಗಿಲಿಗೆ ಬಂದು ಕೇಳುತ್ತಿದ್ದ, ಪ್ರತಿ ಸಲವೂ ‘ಇಲ್ಲ’ ಅನ್ನಿಸಿಕೊಂಡು, ಬ್ರೆಡ್ಡು ಕಟ್ಟಿಸಿಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದ. “ಮೊದಲೇ ಬುಕ್ ಮಾಡಬಾರದಾ?” ಎಂದು ಅತ್ತಿಗೆ ಒಮ್ಮೆ ಕೇಳಿಯೇಬಿಟ್ಟರು.

“ನಾಳೆ ಯಾವ ರೂಟು ಅಂತ ನಂಗೆ ಇವತ್ತು ಸಂಜೆ ಹೇಳ್ತಾರೆ ಅತ್ತಿಗೆ. ನನ್ನ ಹೆಂಡತಿ ಆಸ್ಪತ್ರೇಲಿ ನರ್ಸು. ಅವಳ ರಜ ಅವಳಿಗೇ ಗೊತ್ತಿರಲ್ಲ. ಇಬ್ರಿಗೂ ಒಂದೇ ದಿನ ರಜ ಸಿಕ್ಕಿದ್ರೆ ಅದೇ ನಮಗೆ ಹಬ್ಬ. ಒಂದು ವಾರ ಮುಂಚೆ ಯಾವ ದಿನ ಅಂತ ಬುಕ್ ಮಾಡಲಿ, ನೀವೇ ಹೇಳಿ.”

ಅಂದು ಅತ್ತಿಗೆಯ ಬೂಟಿನ ಸದ್ದು ಬಹಳ ಹೊತ್ತು ಕೇಳಲಿಲ್ಲ. ಮನೆಗೆ ಹೋಗುವಾಗ ದಾರಿಯಲ್ಲಿ ತಮ್ಮಷ್ಟಕ್ಕೆ, “ನಾಳೆ ಅನ್ನೋದು ಕೈಯಲ್ಲಿರೋವ್ರಿಗೆ ಮಾತ್ರ ಮೇಜು, ಅಲ್ವಾ?” ಎಂದರು. ಮೈದುನ ಹೂಂ ಅನ್ನುವ ಮೊದಲೇ, “ಆದ್ರೂ ಬೋರ್ಡು ಬೋರ್ಡೇ” ಎಂದು ಆ ಮಾತಿಗೆ ತಾವೇ ಬೀಗ ಹಾಕಿದರು.

ಇನ್ನು ಆ ದಿನದ ಕಥೆ. ನೆನೆದರೆ ಮೈದುನನಿಗೆ ಈಗಲೂ ಮೈ ಜುಮ್ಮೆನ್ನುತ್ತದೆ. ರಜೆಯ ಕಾಲ, ಪಾರ್ಕಿನಲ್ಲಿ ಕಾಲಿಡಲು ಜಾಗವಿಲ್ಲ. ಬಣ್ಣ ಕಳೆದುಕೊಂಡಿದ್ದ ಹಳೆಯ ಬೋರ್ಡನ್ನು ಇಳಿಸಿ ಬೆಳಿಗ್ಗೆ ಯಾರೋ ಹೊಸದನ್ನು ಏರಿಸಿ ಹೋಗಿದ್ದರು. ಅತ್ತಿಗೆ ಅಂದು ತರಕಾರಿ ಗಾಡಿಯ ಜೊತೆಗೆ ಹಿಂಬಾಗಿಲಿನಿಂದ ಬಂದವರು, ಮುಂಬಾಗಿಲನ್ನು ಒಳಗಿನಿಂದಲೇ ತೆರೆದರು. ತೆರೆದರೆ, ಕೆರೆಯ ದಂಡೆಯುದ್ದಕ್ಕೂ ಜನ! ಅಂಥ ಸಾಲನ್ನು ಆ ಬಾಗಿಲು ಬುಕಿಂಗ್ ಶುರುವಾದ ಮೇಲೆ ಕಂಡಿರಲಿಲ್ಲ. ಎಲ್ಲರ ಮುಂದೆ ಬಸ್ ಡ್ರೈವರ್, ಯೂನಿಫಾರ್ಮ್ ಇಲ್ಲದೆ, ತಲೆ ಬಾಚಿಕೊಂಡು. ಪಕ್ಕದಲ್ಲಿ ಹೂವಿನ ಸೀರೆಯ ಹೆಂಡತಿ, ರಾತ್ರಿ ಪಾಳಿಯ ನಿದ್ದೆ ಇನ್ನೂ ಕಣ್ಣಲ್ಲಿದ್ದರೂ ಮುಖ ಅರಳಿತ್ತು.

“ಬೋರ್ಡ್ ಓದಿದ್ರಾ?” ಎಂದರು ಅತ್ತಿಗೆ, ಅಭ್ಯಾಸಬಲದಿಂದ.

“ಓದೇ ನಿಂತಿದ್ದೀವಿ ಅತ್ತಿಗೆ!” ಎಂದ ಡ್ರೈವರ್. “ಎಷ್ಟು ಖುಷಿಯಾಯ್ತು ಗೊತ್ತಾ? ನಮ್ಮಂಥೋರಿಗೂ ಒಂದು ಬಾಗಿಲು ಆಯ್ತಲ್ಲ ಅಂತ.”

ಅತ್ತಿಗೆ ಹೊರಗೆ ಬಂದು ತಲೆಯೆತ್ತಿ ನೋಡಿದರು. ಮಿರಮಿರ ಮಿಂಚುವ ಹೊಸ ಅಕ್ಷರಗಳಲ್ಲಿ ಬರೆದಿತ್ತು: ‘ಮೇಜು ಕಾದಿರಿಸದವರಿಗೆ ಮಾತ್ರ ಪ್ರವೇಶ’. ಕಾದಿರಿಸಿದವರಿಗೆ ಎಂದಾಗಬೇಕಿತ್ತು. ಬೋರ್ಡು ಬರೆದ ಮಹಾಶಯ ‘ಸ’ಕ್ಕೆ ಗುಡಿಸು ಕೊಡುವುದನ್ನು ಮರೆತಿದ್ದ. ಆ ಒಂದು ಗುಡಿಸಿಲ್ಲದೆ ಅತ್ತಿಗೆಯ ಇಷ್ಟು ವರ್ಷಗಳ ನಿಯಮವೆಲ್ಲ ಗುಡಿಸಿಹೋಗಿತ್ತು. ಒಳಗಿರಬೇಕಾದವರು ಹೊರಗೆ, ಹೊರಗಿರಬೇಕಾದವರು ಒಳಗೆ. ಜಗತ್ತಿಗೆಲ್ಲ ಬೋರ್ಡು ಓದಲು ಹೇಳುವವರು ಆ ದಿನ ತಾವೇ ಓದಿರಲಿಲ್ಲ.

ಮೈದುನ ಮಾರ್ಕರ್ ಪೆನ್ನು ಹಿಡಿದು ಓಡಿ ಬಂದ. “ಒಂದು ಗುಡಿಸು ಕೊಟ್ರೆ ಮುಗೀತು ಅತ್ತಿಗೆ. ಸ್ಟೂಲು ತರ್ಲಾ?”

ಅತ್ತಿಗೆ ಪೆನ್ನು ತೆಗೆದುಕೊಂಡರು. ಮುಚ್ಚಳ ತೆಗೆದರು. ಸಾಲಿನ ಕಡೆ ನೋಡಿದರು. ಅಲ್ಲಿ ಬಲೂನು ಹಿಡಿದ ಮಕ್ಕಳು, ಊರುಗೋಲಿನ ಅಜ್ಜಂದಿರು, ಯಾವ ಕೆಲಸದಿಂದಲೋ ಹೇಗೋ ತಪ್ಪಿಸಿಕೊಂಡು ಬಂದವರು, ಎಲ್ಲರೂ ನಂಬಿ ನಿಂತಿದ್ದರು. ನರ್ಸು ಗಂಡನ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದಳು. ಈ ಕಡೆ ರೆಸಾರ್ಟಿನ ದಾರಿಯಲ್ಲಿ ಎರಡು ತಿಂಗಳು ಮುಂಚೆ ಕಾದಿರಿಸಿದವರು ಒಬ್ಬೊಬ್ಬರಾಗಿ ಬರುತ್ತಿದ್ದರು, ಅವರೂ ನಂಬಿದವರೇ. ಒಂದು ಕಡೆಯವರಿಗೆ ಕೊಟ್ಟ ಮಾತು ಹಳೆಯದು, ಇನ್ನೊಂದು ಕಡೆಯವರಿಗೆ ಕೊಟ್ಟದ್ದು ಆ ಬೆಳಗಿನದು. ಯಾವುದನ್ನು ಮುರಿದರೂ ತಾವು ಆ ಆಜಾನುಬಾಹುವಿಗಿಂತ ಬೇರೆಯಲ್ಲ. ಯಾವುದನ್ನೂ ಮುರಿಯದಿದ್ದರೆ ಕೆಲಸ ಉಳಿಯುವ ನಂಬಿಕೆಯಿಲ್ಲ. ಮೈದುನನಿಗೆ ಅದೆಲ್ಲ ಅವರ ಮುಖದಲ್ಲೇ ಕಂಡಿತು.

ಅವರು ಪೆನ್ನಿನ ಮುಚ್ಚಳ ಹಾಕಿದರು.

“ಎಷ್ಟು ಜನಕ್ಕೆ ಅಡುಗೆ ಮಾಡಬಲ್ಲೆ?”

“ಅತ್ತಿಗೆ, ನೀವು…”

“ಕೇಳಿದ್ದಕ್ಕೆ ಉತ್ತರ ಹೇಳಯ್ಯಾ.”

“ಎಲ್ಲರಿಗೂ ಮಾಡ್ತೀನಿ. ಆದ್ರೆ ಕೂರೋದೆಲ್ಲಿ?”

“ಬಾಲ್ಕನಿ.”

ಕೆರೆಯ ಮೇಲೆ ಚಾಚಿದ ಆ ವಿಶಾಲವಾದ ಬಾಲ್ಕನಿ ಯಜಮಾನರ ಖಾಸಗಿ ಜಾಗ. ಅವರ ಅತಿಥಿಗಳು ವರ್ಷಕ್ಕೆ ಒಂದೋ ಎರಡೋ ಸಲ ಬಂದರೆ ಬಂದರು, ಉಳಿದಂತೆ ಅಲ್ಲಿ ಪಾರಿವಾಳಗಳ ಸಂಸಾರ. ಅತ್ತಿಗೆ ಆಗಲೇ ಮೆಟ್ಟಿಲು ಹತ್ತಿದ್ದರು. ಕೋಟಿನ ತೋಳನ್ನು ಮತ್ತೊಂದು ಸುತ್ತು ಮಡಚಿ, ಬಡಿಸುವವರನ್ನೆಲ್ಲ ಕೂಗಿ, ಧೂಳು ಹೊಡೆಸಿ, ಮೇಜಿಗೆ ಮೇಜು ಜೋಡಿಸಿ, ಆಫೀಸಿನ ಕುರ್ಚಿ, ತೋಟದ ಬೆಂಚು, ಕೈಗೆ ಸಿಕ್ಕಿದ್ದನ್ನೆಲ್ಲ ಹೊರಿಸಿದರು. ರಾಟೆಯ ರಿಪೇರಿ ಆಗಷ್ಟೇ ಮುಗಿದಿದ್ದರಿಂದ ಅಣ್ಣನೂ ಸಿಕ್ಕಿಬಿದ್ದ. ಬೆಂಚುಗಳನ್ನು ಹೆಗಲ ಮೇಲೆ ಹೊತ್ತು ತಂದ. ಅಡುಗೆಮನೆಯಲ್ಲಿ ಎಲ್ಲ ಒಲೆಗಳೂ ಒಮ್ಮೆಗೇ ಉರಿದವು. ಅಷ್ಟು ಸೌಟು, ಅಷ್ಟು ಬೆಂಕಿ, ಅಷ್ಟು ಕೂಗಾಟ! ಮೈದುನ ತನ್ನ ಜನ್ಮದಲ್ಲಿ ಅಂಥ ಅಡುಗೆ ಮಾಡಿರಲಿಲ್ಲ, ಮಾಡುತ್ತಾ ಮಾಡುತ್ತಾ ಹಾಡತೊಡಗಿದ.

ಬಾಲ್ಕನಿಯೂ ತುಂಬಿತು, ಸಾಲು ಇನ್ನೂ ಉಳಿದಿತ್ತು. ಆಗ ಅತ್ತಿಗೆ ಕೆಳಗೆ ಕಾದಿರಿಸಿದವರ ಮೇಜುಗಳಿಗೆ ಒಂದೊಂದಾಗಿ ಹೋದರು. “ಈ ಮೇಜು ನಿಮ್ದು. ನೀವು ಬೇಡ ಅಂದ್ರೆ ಬೇಡ. ಖಾಲಿ ಕುರ್ಚಿಗೆ ಯಾರನ್ನಾದ್ರೂ ಕೂರಿಸ್ಕೋತೀರಾ?” ಹೆಚ್ಚಿನವರು ಆಗಲಿ ಅಂದರು, ಒಬ್ಬ ಅಜ್ಜಿ ತನ್ನ ಮೊಮ್ಮಕ್ಕಳನ್ನು ಒತ್ತರಿಸಿ ಜಾಗ ಮಾಡಿ, “ಬನ್ರಪ್ಪಾ, ಬನ್ನಿ” ಎಂದು ತಾನೇ ಎದ್ದು ಹೋಗಿ ಜನರನ್ನು ಕರೆದು ತಂದಳು. ಒಬ್ಬ ವಕೀಲರು ಮಾತ್ರ ಆಗುವುದಿಲ್ಲ ಅಂದರು. ಅವರು ನಾಲ್ಕು ಕುರ್ಚಿಯ ಮೇಜಿನಲ್ಲಿ ಒಬ್ಬರೇ ಕೂತು ಉಣ್ಣುವುದನ್ನು ನೋಡಿ ಬಡಿಸುವವನೊಬ್ಬ ಮುಸಿಮುಸಿ ನಕ್ಕ. ಅತ್ತಿಗೆ ಅವನನ್ನು ಪಕ್ಕಕ್ಕೆ ಕರೆದು ಗದರಿದರು: “ಅವ್ರು ಕೇಳಿದ್ರು, ನಾವು ಕೊಟ್ಟಿದ್ದೀವಿ. ನಗೋದೇನಿದೆ ಅದ್ರಲ್ಲಿ?” ವಕೀಲರಿಗೆ ಸೂಪು ಎಲ್ಲರಿಗಿಂತ ಬಿಸಿಯಾಗಿ ಹೋಯಿತು.

ಯಜಮಾನರು ಬಂದದ್ದು ಆಗ. ಯಾರೋ ಸುದ್ದಿ ಮುಟ್ಟಿಸಿದ್ದರು. ದಾಪುಗಾಲು ಹಾಕಿ ಬಾಲ್ಕನಿಗೆ ಹತ್ತಿ ನೋಡಿದರೆ, ಅವರ ಬೆತ್ತದ ಕುರ್ಚಿಯಲ್ಲಿ ಡ್ರೈವರನ ಹೆಂಡತಿ ಕೂತು, ಕೆರೆಯ ಕಡೆ ನೋಡುತ್ತಾ, ಅವಸರವೇ ಇಲ್ಲದೆ ಊಟ ಮಾಡುತ್ತಿದ್ದಳು. ಮೈದುನ ಸೌಟು ಹಿಡಿದುಕೊಂಡೇ ಮೆಟ್ಟಿಲ ಬಳಿ ಬಂದು ನಿಂತ.

“ಯಾರನ್ನ ಕೇಳಿ ಇದನ್ನೆಲ್ಲ ಮಾಡಿದ್ರಿ?” ಎಂದರು ಯಜಮಾನರು.

“ಬೋರ್ಡ್ ಓದಿದ್ರಾ?” ಎಂದರು ಅತ್ತಿಗೆ. ಹೆದರಿಕೆಯಿಂದ ಧ್ವನಿ ನಡುಗುತ್ತಿತ್ತು, ಕಣ್ಣು ಮಾತ್ರ ಕೆಳಗಿಳಿಯಲಿಲ್ಲ.

“ಅದು ತಪ್ಪು ಬರೆದದ್ದು. ತಿದ್ದಬಹುದಿತ್ತಲ್ಲ!”

“ಯಾರೂ ಬರೋಕೆ ಮುಂಚೆ ತಿದ್ದಬಹುದಿತ್ತು. ಬಂದು ನಿಂತ ಮೇಲೆ ತಿದ್ದಿದ್ರೆ ಅದು ಮೋಸ.”

ಯಜಮಾನರು ಎಲ್ಲರಿಗೂ ಕೇಳುವಂತೆ ಅಂದರು: “ನಾಳೆಯಿಂದ ನೀವು ಆ ಬಾಗಿಲಲ್ಲಿ ಬೇಡ.”

ಅಣ್ಣ ಹೊತ್ತಿದ್ದ ಬೆಂಚನ್ನು ಕೆಳಗಿಟ್ಟ. ಅತ್ತಿಗೆಯ ಮುಖ ಒಂದು ಕ್ಷಣ ಬಿಳಿಚಿ, ಮತ್ತೆ ಬಣ್ಣ ತುಂಬಿಕೊಂಡಿತು. “ಸರಿ. ಯಾವ ಬಾಗಿಲಲ್ಲಿ ಬೇಕು?”

ಅಷ್ಟರಲ್ಲಿ ಕೆಳಗಿನ ಅಜ್ಜಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ಇವರು ಯಜಮಾನರೆಂಬುದೇ ತಿಳಿಯದೆ, “ಸ್ವಾಮೀ, ನಾವು ನಾಳೆಗೂ ಬುಕ್ ಮಾಡಿದ್ದೀವಿ. ನಾಳೆನೂ ಇವರನ್ನೆಲ್ಲ ಹೀಗೇ ಕರೀತೀರಾ?” ಎಂದು ಕೇಳಿದಳು. ಬಾಲ್ಕನಿಯಲ್ಲಿ ಯಾರೋ ನಕ್ಕರು, ಆ ನಗು ಮೇಜಿನಿಂದ ಮೇಜಿಗೆ ಹಬ್ಬಿತು. ಯಜಮಾನರು ಕಟ್ಟಿಸಿದ ಮೇಲೆ ಮೊದಲ ಸಲ ತುಂಬಿದ ಆ ಬಾಲ್ಕನಿಯನ್ನು ಒಂದು ಸುತ್ತು ನೋಡಿದರು. ಏನೇ ಆದರೂ ಕಟ್ಟಿಸಿದವರ ಕಣ್ಣು. “ಈ ಬಾಗಿಲು,” ಎಂದರು, ಬಾಲ್ಕನಿಯ ಮೆಟ್ಟಿಲು ತೋರಿಸಿ. “ಇಲ್ಲಿ ನಿಂತ್ಕೊಳ್ಳಿ. ಬಿಸಿಲು, ಗಾಳಿ ಎಲ್ಲ ನಿಮಗೇ. ಆ ಬೋರ್ಡನ್ನೂ ಇಲ್ಲಿಗೇ ತಂದು ಹಾಕಿಸಿ, ಬರೆಸಿದ್ದು ವ್ಯರ್ಥ ಆಗೋದು ಬೇಡ.” ಅದು ಶಿಕ್ಷೆಯೋ ಬಡ್ತಿಯೋ ಎಂದು ಅಡುಗೆಮನೆಯಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ.

ಹೀಗೆ ಕಾದಿರಿಸದವರಿಗೆ ಒಂದು ಬಾಗಿಲಾಯಿತು. ಅಲ್ಲಿ ಅತ್ತಿಗೆ ಸಡಿಲವಾದರೆಂದು ಯಾರಾದರೂ ತಿಳಿದಿದ್ದರೆ ಅವರು ಅತ್ತಿಗೆಯನ್ನು ಅರಿಯರು. ಕೆಳಗೆ ಮೇಜು ಕಾದಿರಿಸಿ, ಮೇಲಿನ ಗಾಳಿಗೆ ಆಸೆಪಟ್ಟು ಬಂದವರಿಗೆ ಈಗ ‘ಇಲ್ಲ’. ಅಣ್ಣ ಕೊನೆಗೂ ತಾರೀಖಿನ ತಾಪತ್ರಯವಿಲ್ಲದ ಊಟ ಸಿಕ್ಕಿತೆಂದು ಕುಣಿಯುತ್ತಾ ಬಂದು ಸಾಲಿನ ಮುಂದೆ ನಿಂತಾಗ, ಅವನನ್ನು ಬಾಲಕ್ಕೆ ಕಳಿಸಿದರು; ಅವನ ಸರದಿ ಬರುವಷ್ಟರಲ್ಲಿ ಜಾಗ ಮುಗಿದಿತ್ತು.

ಡ್ರೈವರ್ ಮತ್ತು ನರ್ಸು ಮತ್ತೆ ಬಂದಿಲ್ಲ. ಇಬ್ಬರಿಗೂ ಒಂದೇ ದಿನ ರಜ ಸಿಕ್ಕಿರಲಿಕ್ಕಿಲ್ಲ. ಅತ್ತಿಗೆ ದಿನಾ ಸಾಲಿನ ಮೇಲೆ ಕಣ್ಣಾಡಿಸುತ್ತಾರೆ, ಹೂವಿನ ಸೀರೆ ಕಂಡರೆ ಕತ್ತು ಉದ್ದ ಮಾಡುತ್ತಾರೆ. ಮೈದುನ ಒಂದು ದಿನ ಹೇಳಿದ: “ಕೆರೆ ಕಡೆಯ ಆ ಮೂಲೆ ಮೇಜು ಒಂದನ್ನ ಅವರಿಗೆ ಅಂತ ಇಟ್ಟಿರಬಾರದಾ ಅತ್ತಿಗೆ?” ಅತ್ತಿಗೆ ಆ ಮೇಜಿನ ಕಡೆ ತಿರುಗಿ ನೋಡಿದರು. ಅವರಿಗೂ ಎಷ್ಟು ಆಸೆಯಿತ್ತೆಂಬುದು ಕಣ್ಣಲ್ಲಿ ಚೆನ್ನಾಗಿ ಕಂಡಿತು. “ಇಟ್ರೆ ಅದು ಕಾದಿರಿಸಿದ ಹಾಗಾಗತ್ತಲ್ಲಯ್ಯಾ,” ಎಂದರು, ಮತ್ತು ಸಾಲಿನ ಮುಂದಿದ್ದ ಅಪರಿಚಿತರನ್ನು ಕರೆದು ಅಲ್ಲಿ ಕೂರಿಸಿದರು.

ಕಣ್ಣೆದುರಿಗೆ ಬಂದವರಿಗಾಗಿ ನಿಯಮವನ್ನು ಬಗ್ಗಿಸುವವರನ್ನು ನಾವು ಒಳ್ಳೆಯವರೆನ್ನುತ್ತೇವೆ, ಅವರನ್ನು ಪ್ರೀತಿಸುವುದೂ ಸುಲಭ. ಅತ್ತಿಗೆಯಂಥವರ ಜಾತಿ ಬೇರೆ. ತಾವು ಯಾರನ್ನು ಹೆಚ್ಚಾಗಿ ಮೆಚ್ಚುತ್ತಾರೋ ಅವರಿಗಾಗಿ ಕೂಡ ಒಂದು ಕುರ್ಚಿಯನ್ನು ಅವರು ಹಿಡಿದಿಡಲಾರರು, ಹಿಡಿದಿಟ್ಟರೆ ಇನ್ನಾರೋ ಹಸಿದು ವಾಪಸು ಹೋಗುತ್ತಾರೆಂಬುದನ್ನು ಮರೆಯಲಾರರು. ನಮ್ಮ ಮಾತಿನಲ್ಲಿ ಬಾಗಿಲ ಹೊರಗೆ ನಿಂತವರೂ ಕಾಯುತ್ತಾರೆ, ಬಾಗಿಲಲ್ಲಿ ನಿಂತವರೂ ಕಾಯುತ್ತಾರೆ, ಒಂದೇ ಪದ. ಅಂಥವರು ಎರಡನ್ನೂ ಒಟ್ಟಿಗೆ ಮಾಡುತ್ತಾರೆ, ಮೇಜನ್ನು ಯಾರಿಗೋ ಕೊಟ್ಟುಬಿಟ್ಟು, ಬರಬೇಕಾದವರ ದಾರಿಯನ್ನು ತಾವು ಕಾಯುತ್ತಾರೆ.